ಯಂತ್ರಕ್ಕೆ ಕಲಿಸಿದ ಮನೆಮಾತು

ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ 1970ರಲ್ಲಿ ರಾಲ್ಫ್ ಹ್ಯೂಟರ್, ಫ್ಲೋರಿಯಾನ್ ಷ್ನೈಡರ್ ಕಟ್ಟಿದ ‘ಕ್ರಾಫ್ಟ್‌ವೆರ್ಕ್’ ತಂಡವನ್ನು ಯಂತ್ರಸಂಗೀತದ ಆದ್ಯರೆಂದು ಹೊಗಳುವುದು ವಾಡಿಕೆ. ಗಡಿನಾಡಿನವರಾದ ನಮ್ಮ ಕಿವಿ ಮಾತ್ರ ಅವರ ನುಡಿಯ ಮೇಲೆಯೇ ನೆಡುತ್ತದೆ. ಪಾಪ್ ಹಾಡೆಂದರೆ ಇಂಗ್ಲಿಷೇ ಎಂಬಂತಿದ್ದ ಕಾಲದಲ್ಲಿ, 1974ರ ‘ಆಟೋಬಾನ್’ ಹೆದ್ದಾರಿಯ ಪಯಣವನ್ನು ಇಪ್ಪತ್ತೆರಡು ನಿಮಿಷಗಳಿಗೂ ಮಿಗಿಲಾಗಿ ಜರ್ಮನ್ ನುಡಿಯಲ್ಲೇ ಹಾಡಿತು. ಅದರ ಕಿರುರೂಪವನ್ನು ಅಮೆರಿಕವೂ ಮೆಚ್ಚಿತು. ಮುಂದೆ ಅವರ ಧ್ವನಿಮುದ್ರಿಕೆಗಳು ಜರ್ಮನ್, ಇಂಗ್ಲಿಷ್ ಎರಡರಲ್ಲೂ ಬಂದವು. ಇದನ್ನು ರಾಜಿಯೆನ್ನಲು ನಮಗೆ ಮನಸ್ಸಿಲ್ಲ. ಎರಡು ನುಡಿಗಳ ನಡುವೆ ಬಾಳುವವರಿಗೆ ಆ ಕಷ್ಟ ಗೊತ್ತು. ನಮ್ಮ ತಕರಾರು ಬೇರೆ: 1986ರ ಬಳಿಕ ಹೊಸ ಕೃತಿ ವಿರಳವಾಯಿತು, 1991ರ ‘ದಿ ಮಿಕ್ಸ್’ ಹಳೆಯದನ್ನೇ ತಿದ್ದಿ ತೀಡಿತು. ಅದಕ್ಕಿಂತ 1983ರ ‘ಟೂರ್ ದ ಫ್ರಾನ್ಸ್’ ನಮಗೆ ಪ್ರಿಯ. ಅಲ್ಲಿ ಯಂತ್ರದ ತಾಳದೊಡನೆ ಸೈಕಲ್ ಸವಾರನ ಏದುಸಿರು ಕೇಳುತ್ತದೆ.