ಕಪಿಲನ ಕೈ, ದೇವದತ್ತನ ಕತ್ತು

ಗಿರೀಶ ಕಾರ್ನಾಡರ ‘ಹಯವದನ’ ಎತ್ತಿಕೊಂಡ ಯಾವ ತಂಡವೂ ತಪ್ಪಿಸಿಕೊಳ್ಳಲಾಗದ ಒಂದು ತೊಡಕು ನಾಟಕದ ನಡುವೆಯೇ ಇದೆ. ಕಾಳಿಯ ಗುಡಿಯಲ್ಲಿ ಗೆಳೆಯರಿಬ್ಬರ ತಲೆ ಅದಲುಬದಲಾಗುತ್ತದೆ. ದೇವದತ್ತನ ತಲೆಗೆ ಕಪಿಲನ ಮೈ, ಕಪಿಲನ ತಲೆಗೆ ದೇವದತ್ತನ ಮೈ. ಓದುವಾಗ ನಗು ಬರುತ್ತದೆ, ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ತಾಲೀಮಿನ ಜಾಗದಲ್ಲಿ ಮಾತ್ರ ನಟ ಗಕ್ಕನೆ ನಿಂತು ಕೇಳುತ್ತಾನೆ: ‘ಈಗ ನಾನು ಹೇಗೆ ನಡೆಯಬೇಕು, ಸರ್?’

1971ರಲ್ಲಿ ಪ್ರಕಟವಾದ ಈ ನಾಟಕದಲ್ಲಿ ಕಾರ್ನಾಡರು ಇಬ್ಬರಿಗೂ ಮುಖವಾಡ ಸೂಚಿಸಿದ್ದಾರೆ. ದೇವದತ್ತನದು ಬಿಳಿಚಿದ ಬಣ್ಣದ್ದು, ಕಪಿಲನದು ಕಪ್ಪು. ಮುಖವಾಡ ಬದಲಾದರೆ ತಲೆ ಬದಲಾದಂತೆ. ಇಷ್ಟು ಹೊತ್ತು ಕಪಿಲನಾಗಿ ಓಡಾಡಿದ ನಟ ಅದೇ ಮೈಯಲ್ಲಿ ಇನ್ನು ದೇವದತ್ತನಾಗಿ ಮಾತಾಡಬೇಕು. ಮುಖವಾಡ ಬಿಟ್ಟು ಆಡುವುದಾದರೆ ಮುಖ ಅದೇ ಉಳಿಯುತ್ತದೆ, ಬದಲಾಗಬೇಕಾದ್ದು ಮೈ. ಯಾವ ದಾರಿ ಹಿಡಿದರೂ ಒಬ್ಬನ ನಡಿಗೆ, ಉಸಿರು, ಕೂರುವ ಬಗೆ ಇನ್ನೊಬ್ಬನಿಗೆ ಗೊತ್ತಿರಲೇಬೇಕು. ಕಂಠಪಾಠದಿಂದ ಇದು ದಕ್ಕುವುದಿಲ್ಲ. ಈ ನಾಟಕದ ತಾಲೀಮು ಮೈಯಿಂದಲೇ ಶುರುವಾಗಬೇಕು, ಮಾತು ಆಮೇಲೆ ಬರಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

ನಮ್ಮ ಹವ್ಯಾಸಿ ತಂಡಗಳಲ್ಲಿ ರೂಢಿ ಬೇರೆ. ಮೊದಲು ಎಲ್ಲರೂ ಸುತ್ತ ಕೂತು ರೀಡಿಂಗ್, ಮಾತು ಬಾಯಿಗೆ ಬಂದ ಮೇಲೆ ಬ್ಲಾಕಿಂಗ್, ಕೊನೆಗೆ ಉಳಿದ ಸಮಯದಲ್ಲಿ ‘ಸ್ವಲ್ಪ ಕ್ಯಾರೆಕ್ಟರ್ ಹಾಕಿ’ ಎಂಬ ಸೂಚನೆ. ಆ ಹೊತ್ತಿಗೆ ನಟನ ಕೈಗೆ ಸಿಗುವುದು ಸವಕಲು ಸರಕು ಮಾತ್ರ. ಕಪಿಲನೆಂದರೆ ಎದೆ ಉಬ್ಬಿಸಿ ತೋಳು ಅಗಲಿಸಿ ನಡೆಯುವವನು, ದೇವದತ್ತನೆಂದರೆ ಉತ್ತರೀಯ ಹಿಡಿದು ಮೆಲ್ಲಗೆ ಹೆಜ್ಜೆ ಇಡುವವನು. ಇಂಥ ಇಬ್ಬರ ತಲೆ ಬದಲಾದರೆ ಪ್ರೇಕ್ಷಕನಿಗೆ ಕಾಣುವುದು ಎರಡು ಅಣಕು ಅದಲುಬದಲಾದದ್ದಷ್ಟೇ.

ಒಳ್ಳೆಯ ನಿರ್ದೇಶಕ ‘ಇವನು ಹೇಗೆ ನಡೆಯುತ್ತಾನೆ’ ಎಂದು ಕೇಳುವುದಿಲ್ಲ, ‘ಇವನು ದಿನವಿಡೀ ಏನು ಕೆಲಸ ಮಾಡುತ್ತಾನೆ’ ಎಂದು ಕೇಳುತ್ತಾನೆ. ಕಪಿಲ ಕಮ್ಮಾರ ಲೋಹಿತನ ಮಗ. ಹಾಗಾದರೆ ನಟನಿಗೆ ಒಂದು ಕುಲುಮೆ ಬೇಕು. ತಿದಿ ಒತ್ತುವುದು, ಎಡಗೈಯ ಇಕ್ಕಳದಲ್ಲಿ ಕೆಂಪಗೆ ಕಾದ ಕಬ್ಬಿಣ ಹಿಡಿದು ಅಡೆಗಲ್ಲಿನ ಮೇಲೆ ಇಡುವುದು, ಬಲಗೈಯ ಸುತ್ತಿಗೆ ಎತ್ತಿ ಹೊಡೆಯುವುದು. ಕೈಯಲ್ಲಿ ಏನೂ ಇಲ್ಲದೆ, ಅರ್ಧ ಗಂಟೆ, ಮಾತಿಲ್ಲದೆ. ಆಗ ನಟನಿಗೆ ತಾನಾಗಿ ಕೆಲವು ಸಂಗತಿ ತಿಳಿಯುತ್ತವೆ. ಹೊಡೆತದ ಬಲ ತೋಳಿನದಲ್ಲ, ಸೊಂಟದ್ದು. ಕಾಲು ಅಗಲವಾಗಿ ಊರಿರದಿದ್ದರೆ ಸುತ್ತಿಗೆ ಜಾರುತ್ತದೆ. ಬೆಂಕಿ ನೋಡಿ ನೋಡಿ ಕಣ್ಣು ಕಿರಿದಾಗಿರುತ್ತದೆ. ಎರಡು ಕೈ ಎರಡು ಬೇರೆ ಕೆಲಸ ಮಾಡುವುದರಿಂದ ಎರಡು ಭುಜಗಳೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಎದೆ ಉಬ್ಬಿಸುವ ಪೈಲ್ವಾನ ಅಲ್ಲಿಗೆ ಮಾಯವಾಗಿ, ನೆಲಕ್ಕೆ ಭಾರ ಬಿಟ್ಟು ನಿಂತ ಒಬ್ಬ ದುಡಿಯುವ ಹುಡುಗ ಕಾಣಿಸಿಕೊಳ್ಳುತ್ತಾನೆ. ದೇವದತ್ತನಿಗೂ ಹೀಗೆಯೇ ಅವನ ಕೆಲಸ ಕೊಡಬೇಕು: ಓಲೆಗರಿಯ ಮೇಲೆ ಬಾಗಿ ಓದುವುದು, ಬರೆಯುವುದು. ಕತ್ತು ಮುಂದಕ್ಕೆ ಬರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ, ಬೆರಳಿನ ತುದಿಗಳು ಮಾತ್ರ ಎಚ್ಚರವಾಗಿರುತ್ತವೆ.

ಚಲನೆಯ ಪಂಡಿತ ರುಡಾಲ್ಫ್ ಲಾಬಾನ್ ಮನುಷ್ಯನ ಚಲನೆಯನ್ನು ಭಾರ, ಕಾಲ, ಅವಕಾಶ, ಹರಿವು ಎಂದು ನಾಲ್ಕು ಬಗೆಯಲ್ಲಿ ಗಮನಿಸಲು ಕಲಿಸಿದ. ಹೆಜ್ಜೆ ಭಾರವೋ ಹಗುರವೋ, ಥಟ್ಟನೆಯದೋ ನಿಧಾನದ್ದೋ, ನೇರವೋ ಸುತ್ತುಬಳಸೋ, ಬಿಗಿಯೋ ಸಡಿಲವೋ. ನಟನಿಗೆ ‘ಇನ್ನೂ ದುಃಖ ಬೇಕು’ ಎನ್ನುವುದಕ್ಕಿಂತ ‘ಇನ್ನೂ ಭಾರ, ಆದರೆ ಥಟ್ಟನೆ’ ಎಂದರೆ ಬೇಗ ಅರ್ಥವಾಗುತ್ತದೆ. ತಾಲೀಮಿಗೆ ಅಷ್ಟು ಸಾಕು, ಅದಕ್ಕಿಂತ ಹೆಚ್ಚಿನ ಸಿದ್ಧಾಂತ ಬೇಡ.

ತಲೆ ಬದಲಾದ ಮೇಲಿನ ಕೆಲಸಕ್ಕೆ ಇಂಪ್ರೊವೈಸೇಶನ್ ಬೇಕಾಗುತ್ತದೆ. ನಾಟಕದಲ್ಲಿ ಕಪಿಲನ ಮೈ ಪಡೆದ ದೇವದತ್ತ ಒಬ್ಬ ಜಟ್ಟಿಯನ್ನು ಕುಸ್ತಿಯಲ್ಲಿ ಸೋಲಿಸಿ ಬರುತ್ತಾನೆ. ಆ ಕುಸ್ತಿ ರಂಗದ ಮೇಲೆ ನಡೆಯುವುದಿಲ್ಲ, ಮಾತಿನಲ್ಲಿ ಮಾತ್ರ ಬರುತ್ತದೆ. ಬೆಂಗಳೂರಿನ ಒಂದು ಶಾಲೆಯ ಹಾಲ್‌ನಲ್ಲಿ ನಾನು ನೋಡಿದ ತಾಲೀಮಿನಲ್ಲಿ ನಿರ್ದೇಶಕಿ ಈ ಕಾಣದ ದೃಶ್ಯವನ್ನೇ ಆಡಿಸಿದರು. ‘ಜಾತ್ರೆ. ಡೇರೆಯೊಳಗೆ ಕುಸ್ತಿ ನಡೀತಿದೆ. ನೀನು ನೋಡ್ತಾ ನಿಂತಿದ್ದೀಯ, ಅಷ್ಟೇ. ಮಾತಿಲ್ಲ.’ ಹುಡುಗ ಪಂಡಿತನ ಹಾಗೆ ಕೈ ಹಿಂದೆ ಕಟ್ಟಿ, ಕತ್ತು ಚಾಚಿ, ಸ್ವಲ್ಪ ಅಸಹ್ಯದಿಂದಲೇ ನೋಡುತ್ತ ನಿಂತ. ಬಹಳ ಹೊತ್ತು ಏನೂ ಆಗಲಿಲ್ಲ. ಉಳಿದ ನಟರು ಮೊಬೈಲ್ ನೋಡತೊಡಗಿದರು. ಆಮೇಲೆ ಅವನ ಬಲಗಾಲಿನ ಹೆಬ್ಬೆರಳು ನೆಲವನ್ನು ಕೆದಕತೊಡಗಿತು, ಮಣ್ಣು ಎಷ್ಟು ಮೆತ್ತಗಿದೆ ಎಂದು ನೋಡುವಂತೆ. ಹಿಂದೆ ಕಟ್ಟಿದ ಕೈ ಬಿಚ್ಚಿತು. ಬಾಗಿ ಇಲ್ಲದ ಮಣ್ಣನ್ನು ಬೊಗಸೆಗೆ ತುಂಬಿಕೊಂಡು ತೊಡೆಗೆ ತಿಕ್ಕಿಕೊಂಡ. ಅಷ್ಟಾಗಿಯೂ ಮುಖ ಮಾತ್ರ ಇನ್ನೂ ಮೊದಲಿನಂತೆ ಮೂಗು ಮುರಿಯುತ್ತಲೇ ಇತ್ತು. ಆಮೇಲೆ ಅವನ ಕಣ್ಣು ತನ್ನ ಕೈಯ ಮೇಲೆ ಬಿತ್ತು. ಇದು ಯಾರ ಕೈ ಎನ್ನುವ ಹಾಗೆ ಅದನ್ನು ತಿರುಗಿಸಿ ನೋಡಿಕೊಂಡ.

ಮೈಗೆ ಅದರದೇ ನೆನಪುಗಳಿವೆ, ತಲೆ ಹೇಳುವ ಮೊದಲೇ ಅದು ಕೆಲಸ ಶುರು ಮಾಡುತ್ತದೆ ಎನ್ನುವುದು ಈ ನಾಟಕದ ತಿರುಳು. ಆ ಹುಡುಗನಿಗೆ ಅದು ವಿವರಣೆಯಿಂದ ಸಿಗಲಿಲ್ಲ, ಕಾದು ನಿಂತದ್ದರಿಂದ ಸಿಕ್ಕಿತು. ನಿರ್ದೇಶಕಿ ಜಾಣೆ. ಕುಸ್ತಿಯನ್ನು ರಂಗಕ್ಕೆ ತರಲಿಲ್ಲ, ಮಣ್ಣು ತಿಕ್ಕಿದ್ದನ್ನೂ ಇಟ್ಟುಕೊಳ್ಳಲಿಲ್ಲ. ಗೆದ್ದು ಬಂದು ಹೆಂಡತಿ ಪದ್ಮಿನಿಯ ಮುಂದೆ ಆ ಸಂಗತಿ ಹೇಳುವಾಗ ಕೈ ತಿರುಗಿಸಿ ನೋಡಿಕೊಳ್ಳುವುದನ್ನು ಮಾತ್ರ ಉಳಿಸಿದರು.

ಈ ಆಯ್ಕೆಯೇ ತಾಲೀಮಿನ ಅರ್ಧ ವಿದ್ಯೆ. ಇಂಪ್ರೊವೈಸೇಶನ್ ಎಂದರೆ ಮನಸ್ಸಿಗೆ ಬಂದದ್ದನ್ನು ಆಡಿ ನಗಿಸುವುದು ಎಂದುಕೊಂಡ ತಂಡಗಳನ್ನು ಕಂಡಿದ್ದೇನೆ, ಬೇಸರಪಟ್ಟಿದ್ದೇನೆ. ಹಾಗೆ ಹುಟ್ಟಿದ ಚುರುಕು ಮಾತುಗಳು ಒಂದೊಂದಾಗಿ ಪ್ರದರ್ಶನಕ್ಕೆ ನುಸುಳುತ್ತವೆ, ಚಪ್ಪಾಳೆ ಬೀಳುತ್ತದೆ, ನಾಟಕಕಾರನ ವಾಕ್ಯ ಹಿಂದೆ ಸರಿಯುತ್ತದೆ. ಕಾರ್ನಾಡರ ಮಾತು ಅಳತೆಯದು, ಅದಕ್ಕೆ ಒಗ್ಗರಣೆ ಬೇಕಿಲ್ಲ. ಆಶುವಾಗಿ ಆಡಿದ ಮಾತನ್ನೆಲ್ಲ ಎಸೆದು, ಆ ಹೊತ್ತಿನಲ್ಲಿ ಮೈ ಕಲಿತದ್ದನ್ನು ಇಟ್ಟುಕೊಂಡು, ಮೂಲದ ಮಾತಿಗೆ ಮರಳಬೇಕು.

ರಷ್ಯದ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ತನ್ನ ಕೊನೆಯ ವರ್ಷಗಳಲ್ಲಿ ಹಿಡಿದ ದಾರಿಯೂ ಇದೇ. ಮಾಸ್ಕೋದಲ್ಲಿ ಮೋಲಿಯೇರನ ‘ತಾರ್ತುಫ್’ ತಾಲೀಮು ನಡೆಸುವಾಗ ನಟರಿಗೆ ಮಾತು ಬಾಯಿಪಾಠ ಮಾಡಬೇಡಿ ಎಂದ. ಮೊದಲು ಆ ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ, ಯಾರನ್ನು ತಡೆಯುತ್ತಿದ್ದಾರೆ, ಯಾರಿಂದ ಅಡಗುತ್ತಿದ್ದಾರೆ ಎಂಬುದನ್ನು ಸ್ವಂತ ಮಾತಿನಲ್ಲಿ, ಕ್ರಿಯೆಯಲ್ಲಿ ಹುಡುಕಿ ಎಂದ. ಪಾತ್ರದ ಭಾವ ಎಲ್ಲಿಂದ ಬರುತ್ತದೆ ಎಂದು ಬದುಕಿಡೀ ತಲೆ ಕೆಡಿಸಿಕೊಂಡವನು ಕೊನೆಗೆ ಸಣ್ಣ ಸಣ್ಣ ದೈಹಿಕ ಕ್ರಿಯೆಗಳಿಗೆ ಬಂದು ನಿಂತ. 1938ರಲ್ಲಿ ಅವನು ತೀರಿಕೊಂಡ, ಶಿಷ್ಯರು ಆ ನಾಟಕವನ್ನು ಮುಂದಿನ ವರ್ಷ ರಂಗಕ್ಕೆ ತಂದರು. ಆ ತಾಲೀಮಿನಲ್ಲಿದ್ದ ನಟ ತೊಪೊರ್ಕೊವ್ ಬರೆದ ಪುಸ್ತಕ ನಿರ್ದೇಶಕರಾದವರು ಓದಲೇಬೇಕಾದದ್ದು.

ಇದೆಲ್ಲ ಹೊರಗಿನಿಂದ ಬಂದ ಸರಕು ಎನ್ನುವವರು ಒಂದು ತಾಳಮದ್ದಳೆಗೆ ಹೋಗಿ ಕೂರಲಿ. ಅಲ್ಲಿ ಬರಹದಲ್ಲಿರುವುದು ಪ್ರಸಂಗದ ಪದ್ಯ ಮಾತ್ರ. ಅರ್ಥವನ್ನು ಅರ್ಥಧಾರಿ ಆ ಕ್ಷಣದಲ್ಲೇ, ಎದುರಿನವನ ಮಾತು ಕೇಳಿಯೇ ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಇಡೀ ರಾತ್ರಿ ಹಾಗೆ ಕಟ್ಟಿದವರು. ಯಕ್ಷಗಾನದ ಆಟದಲ್ಲಿ ಹೆಜ್ಜೆ, ತಾಳ, ವೇಷ ಗಟ್ಟಿಯಾಗಿ ನಿಂತಿರುತ್ತವೆ, ಆ ಚೌಕಟ್ಟಿನೊಳಗೆ ಮಾತು ಸ್ವತಂತ್ರ. ನಮ್ಮ ಆಧುನಿಕ ರಂಗಭೂಮಿಯಲ್ಲಿ ತಲೆಕೆಳಗಾಗಿ ಮಾತು ಗಟ್ಟಿ, ಮೈ ಅನಾಥ. ‘ಹಯವದನ’ ಭಾಗವತನನ್ನೂ ಅರ್ಧಪಟವನ್ನೂ ಯಕ್ಷಗಾನದಿಂದ ಪಡೆದ ನಾಟಕವಾದ್ದರಿಂದ, ಅದನ್ನು ಆಡುವವರಿಗೆ ಈ ಸಾಲ ನೆನಪಿರಬೇಕು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಿರ್ದೇಶಕ ಬಿ.ವಿ. ಕಾರಂತರು ಈ ನಾಟಕವನ್ನು ಹಾಡಿನಲ್ಲಿ ತುಂಬಿದ ಮೇಲೆ ಎಷ್ಟೋ ತಂಡಗಳು ಸಂಗೀತದಿಂದಲೇ ತಾಲೀಮು ಆರಂಭಿಸುತ್ತವೆ. ಹಾಡಿನ ಲಯ ಕಾಲಿಗಿಳಿದರೆ ಎಲ್ಲರ ಹೆಜ್ಜೆಯೂ ಒಂದೇ ಆಗಿಬಿಡುತ್ತದೆ. ಕಪಿಲನ ಹೆಜ್ಜೆ ಬೇರೆಯಾಗಿ ಸಿಕ್ಕ ಮೇಲೆ ಹಾಡು ಬರಲಿ.

ಮೈ ತಿರುಗಿ ತನ್ನ ತಲೆಯ ದಾರಿಗೆ ಬರುವುದು ಮುಂದಿನ ಹಂತ. ದೇವದತ್ತ ಕಸರತ್ತು ಬಿಡುತ್ತಾನೆ, ಒರಟಾಗಿದ್ದ ಅವನ ಅಂಗೈ ಮೆತ್ತಗಾದದ್ದನ್ನು ಮನೆಯ ಮಾತಾಡುವ ಗೊಂಬೆಗಳು ಮೊದಲು ಗುರುತಿಸುತ್ತವೆ. ಕಾಡು ಸೇರಿದ ಕಪಿಲ ಮೃದುವಾದ ಮೈಯನ್ನು ದಣಿಸಿ ದಣಿಸಿ ಗಟ್ಟಿ ಮಾಡಿಕೊಳ್ಳುತ್ತಾನೆ. ಇದನ್ನು ಒಂದೇ ಜಿಗಿತದಲ್ಲಿ ತೋರಿಸಿದರೆ ಕೆಡುತ್ತದೆ. ತಿಂಗಳುಗಳನ್ನು ಒಂದೊಂದು ಬೆಳಗ್ಗೆಯಾಗಿ ಒಡೆದು ಆಡಿಸಬಹುದು: ಮೊದಲ ಬೆಳಗ್ಗೆ ನೂರು ದಂಡ, ಇನ್ನೊಂದು ಬೆಳಗ್ಗೆ ಹತ್ತು, ಮತ್ತೊಂದು ದಿನ ಚಾಪೆಯಿಂದ ಏಳಲೂ ಮನಸ್ಸಿಲ್ಲ.

ಈ ಎಲ್ಲ ಕಸರತ್ತೂ ಗಂಡಸರಿಬ್ಬರ ಪಾಲಾಗಿ ಪದ್ಮಿನಿ ಬರೀ ಮಾತಾಡುತ್ತ ನಿಲ್ಲುವುದು ನನಗೆ ಎಂದೂ ಒಪ್ಪಿಗೆಯಾಗದ ಸಂಗತಿ. ತಲೆ ಬದಲಿಸಿದವಳೇ ಅವಳು, ಎರಡು ಮೈಗಳನ್ನೂ ಸ್ಪರ್ಶದಲ್ಲಿ ಬಲ್ಲವಳೂ ಅವಳೇ. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ, ಇಬ್ಬರೂ ಒಬ್ಬರ ಹಿಂದೆ ಒಬ್ಬರು ಬಂದು ಅವಳ ಕೈಗೆ ಒಂದು ಲೋಟ ನೀರು ಕೊಡಲಿ. ಹೆಜ್ಜೆಯ ಸದ್ದಿನಿಂದ, ಬೆರಳು ತಾಗಿದ್ದರಿಂದ ಅವಳು ಗುರುತು ಹಿಡಿಯಬೇಕು. ತಲೆ ಬದಲಾದ ಮೇಲಿನ ದೃಶ್ಯಗಳಿಗೆ ಬಂದಾಗ ಅದೇ ಆಟವನ್ನು ಮತ್ತೆ ಆಡಿಸಲಿ, ಅವಳು ತಪ್ಪು ಹೆಸರು ಹೇಳಲಿ. ಕೂಸನ್ನೆತ್ತಿಕೊಂಡು ಅವಳು ಕಾಡಿಗೆ ಹೋಗಿ ಕಪಿಲನ ಎದುರು ನಿಲ್ಲುವ ಹೊತ್ತಿಗೆ ನಟಿಯ ಕೈಗೆ ಏನನ್ನು ಹುಡುಕಿ ಬಂದೆನೆಂದು ಗೊತ್ತಿರುತ್ತದೆ. ಈಗ ತಾಲೀಮು ಶುರು ಮಾಡುತ್ತಿರುವ ತಂಡಗಳು ಆ ಲೋಟ ನೀರಿಗೆ ಒಂದು ಸಂಜೆ ಎತ್ತಿಡಲಿ. ಅಂಥ ಪದ್ಮಿನಿ ಸಿಕ್ಕರೆ, ಎಷ್ಟೋ ಸಲ ನೋಡಿದ ಈ ನಾಟಕಕ್ಕೆ ನಾನು ಮತ್ತೆ ಟಿಕೆಟ್ ಕೊಳ್ಳುತ್ತೇನೆ.