ತಗಣಿ ಸತ್ತಾವೇನು?

ಭೂಮಿಯ ಬಿಸಿ ಇಳಿಸೋಕೆ ಆಕಾಶಕ್ಕೇ ಏನಾದರೂ ಸಿಂಪಡಿಸಬಹುದಾ ಅನ್ನೋ ಚರ್ಚೆ ಈಗ ಆಫೀಸ್ ಕ್ಯಾಂಟೀನಿಗೂ ಬಂದಿದೆ. ಹೆಚ್ಚುಕಡಿಮೆ ಒಂದೇ ದಾರೀಲಿ ಸಾಗೋ ಚರ್ಚೆ ಅದು. ಒಬ್ಬರು ಪಿನಟೂಬೊ ಅಂತಾರೆ. 1991ರಲ್ಲಿ ಫಿಲಿಪ್ಪೀನ್ಸಿನ ಆ ಜ್ವಾಲಾಮುಖಿ ಸಿಡಿದಾಗ ಮೇಲೇರಿದ ಗಂಧಕದ ಅನಿಲ ಬಿಸಿಲಿಗೆ ತೆರೆ ಎಳೆದು, ಜಗತ್ತಿನ ಸರಾಸರಿ ತಾಪಮಾನವನ್ನು ಸುಮಾರು ಅರ್ಧ ಡಿಗ್ರಿ ಇಳಿಸಿತ್ತಲ್ಲ, ಅದನ್ನೇ ವಿಮಾನದಿಂದ ಮಾಡಿದರಾಯ್ತು ಅನ್ನೋದು ಅವರ ಲೆಕ್ಕ. ಇನ್ನೊಬ್ಬರು ತಕ್ಷಣ 'ಸ್ನೋಪಿಯರ್ಸರ್ ನೋಡಿಲ್ವಾ?' ಅಂತಾರೆ. ಅಲ್ಲಿಗೆ ವಾದ ನಿಂತುಹೋಗುತ್ತೆ. ಯಾರೋ ಕೈಮೇಲೆ ಕೂತ ಸೊಳ್ಳೆ ಹೊಡೀತಾರೆ, ಮಾತು ಡೆಂಗೀಗೆ, ಜಿರಳೆಗೆ, ಯಾವ ಸ್ಪ್ರೇ ಒಳ್ಳೇದು ಅನ್ನೋದಕ್ಕೆ ಹೊರಳುತ್ತೆ.

ಮಾತು ದಾರಿ ತಪ್ಪಿತು ಅಂತ ನಮಗನ್ನಿಸುತ್ತೆ. ನನ್ನ ಪ್ರಕಾರ ಅದು ದಾರಿಗೆ ಬರೋದೇ ಅಲ್ಲಿ. ಆಕಾಶದ ಔಷಧದ ಬಗ್ಗೆ ನಮಗೆ ಅನುಭವ ಕಡಿಮೆ, ಮನೆಯ ಹುಳದ ಔಷಧದ ಬಗ್ಗೆ ಬೇಕಾದಷ್ಟಿದೆ. ಎರಡಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ. ಆ ಪ್ರಶ್ನೆ ಕೇಳೋಕೆ ಸ್ನೋಪಿಯರ್ಸರ್ ಕಲಿಸೋದಿಲ್ಲ.

ಬಾಂಗ್ ಜೂನ್ ಹೋ ಅವರ 2013ರ ಆ ಸಿನಿಮಾದಲ್ಲಿ 79 ದೇಶಗಳು ಸೇರಿ ಭೂಮಿ ತಣ್ಣಗಾಗಲಿ ಅಂತ ಸಿಡಬ್ಲ್ಯೂ-7 ಅನ್ನೋ ರಾಸಾಯನಿಕ ಸಿಂಪಡಿಸುತ್ತವೆ. ಭೂಮಿ ತಣ್ಣಗಾಗೋ ಬದಲು ಹೆಪ್ಪುಗಟ್ಟುತ್ತೆ. ಬದುಕುಳಿದವರೆಲ್ಲ ಒಂದೇ ರೈಲಲ್ಲಿ. ಮುಂದಿನ ಬೋಗಿಗಳಲ್ಲಿ ಉಳ್ಳವರು, ಬಾಲದ ಬೋಗಿಯಲ್ಲಿ ಇಲ್ಲದವರು. ಬಾಲದವರಿಗೆ ದಿನಾ ಕೊಡೋ ಕರಿ ಜೆಲ್ಲಿಯಂಥ ಆಹಾರ ಯಾವುದರಿಂದ ಆಗುತ್ತೆ ಅಂತ ನಾಯಕ ಕರ್ಟಿಸ್ ಯಂತ್ರದೊಳಗೆ ಇಣುಕಿದರೆ, ಒಳಗೆ ಗಿಜಿಗುಡೋ ಜಿರಳೆಯಂಥ ಹುಳಗಳು.

ಹುಳದ ಆ ದೃಶ್ಯ ತುಂಬ ಚೆನ್ನಾಗಿದೆ. ಸಿನಿಮಾದ ಹಿಮ ಮಾತ್ರ ನಮಗೆ ಸುಳ್ಳು ಸಮಾಧಾನ ಕೊಡುತ್ತೆ. ಪ್ರಯೋಗ ಸೋತರೆ ಎಲ್ಲರಿಗೂ ಒಂದೇ ಸಲ, ಕಣ್ಣಿಗೆ ಹೊಡೆಯೋ ಹಾಗೆ ಗೊತ್ತಾಗುತ್ತೆ ಅಂತ ಅದು ನಂಬಿಸುತ್ತೆ. ಜಗತ್ತೇ ಹೆಪ್ಪುಗಟ್ಟಿದ ಮೇಲೆ 'ಔಷಧ ಕೆಲಸ ಮಾಡಿತಾ?' ಅಂತ ಯಾರೂ ಕೇಳಬೇಕಾಗಿಲ್ಲ. ನಿಜದ ಆಕಾಶ ಇಷ್ಟು ಸ್ಪಷ್ಟವಾಗಿ ಉತ್ತರ ಕೊಡೋದಿಲ್ಲ.

ಈ ವಿಷಯಕ್ಕೆ ನಾನು ನೋಡಿ ಅನ್ನೋದು ಅದೇ ನಿರ್ದೇಶಕರ 'ಪ್ಯಾರಸೈಟ್'. 2019ರ ಈ ಸಿನಿಮಾದ ಶುರುವಿನಲ್ಲೇ ಬಡ ಕಿಮ್ ಕುಟುಂಬದ ಅರ್ಧ ನೆಲಮಾಳಿಗೆ ಮನೆಯ ಹೊರಗೆ ಹುಳ ಸಾಯೋ ಹೊಗೆ ಬಿಡುವವನು ಬರ್ತಾನೆ. ಮಕ್ಕಳು ಕಿಟಕಿ ಮುಚ್ಚೋಕೆ ಹೋದರೆ ಅಪ್ಪ ಬೇಡ ಅಂತಾನೆ. ಪುಕ್ಕಟೆ ಔಷಧ, ಮನೆಯೊಳಗಿನ ಹುಳಾನೂ ಸಾಯಲಿ ಅನ್ನೋ ಲೆಕ್ಕ. ಹೊಗೆ ನುಗ್ಗುತ್ತೆ, ಎಲ್ಲರೂ ಕೆಮ್ತಾರೆ, ಅಪ್ಪ ಮಾತ್ರ ಆ ಹೊಗೆಯಲ್ಲೇ ಪಿಜ್ಜಾ ಡಬ್ಬಿ ಮಡಚುತ್ತಾ ಕೂರ್ತಾನೆ. ಮುಂದೆ ಒಂದು ರಾತ್ರಿ ಜೋರು ಮಳೆ. ಕಿಮ್ ಮನೆಯೊಳಗೆ ಚರಂಡಿ ನೀರು ಎದೆಮಟ್ಟ ನಿಲ್ಲುತ್ತೆ. ಮರುದಿನ ಗುಡ್ಡದ ಮೇಲಿನ ಮನೆಯ ಯಜಮಾನಿ ಫೋನಲ್ಲಿ ಮಳೆಯನ್ನ ಹೊಗಳ್ತಾಳೆ, ಗಾಳಿ ಶುದ್ಧ ಆಯ್ತು, ಪಾರ್ಟಿಗೆ ಒಳ್ಳೇ ಹವಾ ಅಂತ. ಇದರಲ್ಲಿ ವಿಜ್ಞಾನ ಇಲ್ಲ, ವಿಮಾನ ಇಲ್ಲ. ಆದರೂ ಮೇಲಿನಿಂದ ಬಂದದ್ದು ಒಂದೇ ಆದರೂ ಕೆಳಗೆ ಯಾರು ಎಲ್ಲಿ ಕೂತಿದ್ದಾರೆ ಅನ್ನೋದರ ಮೇಲೆ ಅದು ವರವೋ ಶಾಪವೋ ಆಗುತ್ತೆ ಅನ್ನೋದನ್ನ ಇದು ತೋರಿಸುತ್ತೆ. ವರದಿ ಬರೆಯೋರು ಸಾಮಾನ್ಯವಾಗಿ ಗುಡ್ಡದ ಮೇಲಿನವರು.

ನಮ್ಮ ರಾಜ್ಯದ್ದೇ ಉದಾಹರಣೆ ತಗೊಳ್ಳೋಣ. ಮೋಡ ಬಿತ್ತನೆಯನ್ನ ಜಿಯೋಎಂಜಿನಿಯರಿಂಗ್ ಅಂತ ತಜ್ಞರು ಕರೆಯೋದಿಲ್ಲ. ಅದು ಒಂದು ಮೋಡದ, ಒಂದು ದಿನದ ವಿಷಯ, ಇದು ಇಡೀ ಭೂಮಿಯ, ದಶಕಗಳ ವಿಷಯ. ವ್ಯತ್ಯಾಸ ಒಪ್ಪೋಣ. ಆದರೆ ಆಕಾಶಕ್ಕೆ ಸರ್ಕಾರದ ದುಡ್ಡಲ್ಲಿ ಏನನ್ನಾದರೂ ಸಿಂಪಡಿಸಿ ಫಲ ಕೇಳೋ ಅಭ್ಯಾಸ ನಮಗೆ ಆಗಿರೋದು ಇದರಿಂದಲೇ. 2003ರ ಬರದಲ್ಲಿ ವರುಣ ಯೋಜನೆ ಬಂತು. 2017ರ ಆಗಸ್ಟ್ 21ರಂದು ಜಕ್ಕೂರು ವಿಮಾನ ನಿಲ್ದಾಣದಲ್ಲಿ ವರ್ಷಧಾರಿಗೆ ಚಾಲನೆ ಸಿಕ್ಕಿತು. ಖರ್ಚು ಮೂವತ್ತು ಕೋಟಿ ಆಸುಪಾಸು. ಮೋಡ ಹುಡುಕೋ ರೇಡಾರ್ ಬೆಂಗಳೂರು, ಗದಗ ಮತ್ತು ನಮ್ಮ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ. ತಣ್ಣನೆ ಮೋಡಕ್ಕೆ ಸಿಲ್ವರ್ ಅಯೊಡೈಡ್, ಅದರ ಹರಳಿನ ಸುತ್ತ ಮಂಜು ಕಟ್ಟುತ್ತೆ. ಬೆಚ್ಚನೆ ಮೋಡಕ್ಕೆ ಉಪ್ಪು, ಅದು ತೇವ ಹೀರಿ ಹನಿ ದಪ್ಪ ಮಾಡುತ್ತೆ. ಮೋಡವೇ ಇಲ್ಲದಿದ್ದರೆ ಎರಡೂ ವ್ಯರ್ಥ. ಈ ತತ್ವದಲ್ಲಿ ಮೋಸ ಏನೂ ಇಲ್ಲ.

ತೊಂದರೆ ಬಂದದ್ದು ಲೆಕ್ಕದಲ್ಲಿ. ಬಿತ್ತನೆಯಿಂದ ಮಳೆ ಶೇಕಡಾ 27.9 ಹೆಚ್ಚಾಯ್ತು ಅಂತ ಮೌಲ್ಯಮಾಪನ ವರದಿ ಹೇಳಿತು. ಆ ದಶಾಂಶ ಬಿಂದು ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತೆ. ಆದರೆ ಯೋಜನೆಗೆ ಚಾಲನೆ ಸಿಗೋ ಆರು ದಿನ ಮುಂಚೆ, ಸ್ವಾತಂತ್ರ್ಯ ದಿನದ ಬೆಳಗಿನ ಜಾವವೇ ಬೆಂಗಳೂರು ಮಳೇಲಿ ಮುಳುಗಿತ್ತು. ಆ ವರ್ಷ ನಗರ ಅದುವರೆಗಿನ ವಾರ್ಷಿಕ ಮಳೆ ದಾಖಲೆಯನ್ನೇ ಮುರಿಯಿತು. ತಾನಾಗೇ ಸುರಿಯೋ ವರ್ಷದಲ್ಲಿ ನಾವು ಸುರಿಸಿದ್ದು ಎಷ್ಟು ಅಂತ ಬೇರೆ ಮಾಡೋದು ಹೇಗೆ? ಯಾದಗಿರಿ ಹತ್ತಿರದ ರಾಮಸಮುದ್ರದಲ್ಲಿರೋ ನಮ್ಮ ಕಾಕಾ ಇದನ್ನೇ ಕೇಳಿದ್ದು: 'ಮಳಿ ಬಂತು, ಖರೆ. ನಿಮ್ಮ ಇಮಾನ ತಂದಿದ್ದೋ, ಉತ್ತರಿ ಮಳಿ ತಾನ ಬಂದಿದ್ದೋ, ಹ್ಯಾಂಗ ತಿಳೀಬೇಕು ತಮ್ಮಾ?' ಊರಿನ ಹೆಸರಲ್ಲಿ ಸಮುದ್ರ ಇದೆ. ನಮ್ಮಲ್ಲಿ ಊರ ಹೆಸರಿನ ಕೊನೆಗೆ ಬರೋ ಸಮುದ್ರಕ್ಕೆ ಸಾಮಾನ್ಯವಾಗಿ ದೊಡ್ಡ ಕೆರೆ ಅಂತಲೇ ಅರ್ಥ. ತೊಗರಿ, ಹತ್ತಿ ಬಿತ್ತಿ ಆಕಾಶ ನೋಡೋ ಜನರಿಗೆ ಈ ಪ್ರಶ್ನೆ ಕೇಳೋಕೆ ಪಿಎಚ್‌ಡಿ ಬೇಕಾಗಿಲ್ಲ.

ಕಾಕಾನ ಪ್ರಶ್ನೆಗೆ ಉತ್ತರ ಹುಡುಕೋ ವಿಧಾನ ಇದೆ. ಯಾದಗಿರಿಯಲ್ಲಿ ಮುಂಬೈ ಕಡೆಯ ರೈಲು ಹತ್ತಿದರೆ ವಾಡಿ, ಕಲಬುರಗಿ ದಾಟಿ ಸೊಲ್ಲಾಪುರ. ಅಲ್ಲಿ 2018 ಮತ್ತು 2019ರಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 276 ಮೋಡಗಳ ಮೇಲೆ ಪ್ರಯೋಗ ಮಾಡಿದರು. ಯೋಗ್ಯವಾದ ಮೋಡ ಸಿಕ್ಕ ಮೇಲೂ ಬಿತ್ತಬೇಕಾ ಬೇಡವಾ ಅನ್ನೋದನ್ನ ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಟ್ಟರು. ಬಿತ್ತಿದ ಮೋಡ, ಬಿತ್ತದ ಮೋಡ ಎರಡನ್ನೂ ಅಳೆದರು. ಸುಮಾರು ನೂರು ಚದರ ಕಿಲೋಮೀಟರ್ ಜಾಗದಲ್ಲಿ ಶೇಕಡಾ 18ರಷ್ಟು ಹೆಚ್ಚು ಮಳೆ ಕಂಡಿತು. ವರ್ಷಧಾರಿಯ ಅಂಕಿಗಿಂತ ಇದು ಚಿಕ್ಕದು. ಆದರೆ ಬಿತ್ತದ ಮೋಡವನ್ನೂ ಲೆಕ್ಕಕ್ಕೆ ಹಿಡಿದಿದ್ದರಿಂದ ಇದಕ್ಕೆ ತೂಕ ಹೆಚ್ಚು.

2019ರಲ್ಲಿ ನಮ್ಮ ರಾಜ್ಯ ಎರಡು ವರ್ಷಕ್ಕೆ 91 ಕೋಟಿಯ ಇನ್ನೊಂದು ಸುತ್ತಿನ ಬಿತ್ತನೆಗೆ ಒಪ್ಪಿಗೆ ಕೊಟ್ಟಿತು. ಅದೇ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಳು. ಸುರಪುರ ತಾಲ್ಲೂಕಿನ ನಡುಗಡ್ಡೆ ನೀಲಕಂಠರಾಯನಗಡ್ಡಿ ಹೊರಜಗತ್ತಿನ ಸಂಪರ್ಕ ಕಳಕೊಂಡಿತು. ಆ ನೆರೆಗೆ ಬಿತ್ತನೆ ಕಾರಣ ಅಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ ಅದು. ನಾನು ಹೇಳ್ತಿರೋದು ಬೇರೆ. ಬಂದ ಮಳೆಯಲ್ಲಿ ನಮ್ಮ ಪಾಲು ಇಷ್ಟು ಅಂತ ಗಟ್ಟಿಯಾಗಿ ಹೇಳೋರು, ಹರಿದ ನೆರೆಯಲ್ಲಿ ನಮ್ಮ ಪಾಲು ಸೊನ್ನೆ ಅಂತಾನೂ ಅಷ್ಟೇ ಗಟ್ಟಿಯಾಗಿ ತೋರಿಸಬೇಕಾಗುತ್ತೆ. ಒಂದೇ ತಕ್ಕಡಿಯಲ್ಲಿ ಎರಡನ್ನೂ ತೂಗಬೇಕು. ನಾಳೆ ಯಾವುದೋ ದೇಶ ವಾಯುಮಂಡಲದ ಮೇಲ್ಪದರಕ್ಕೆ ಗಂಧಕ ಬಿಟ್ಟು, ಆ ವರ್ಷ ಮುಂಗಾರು ಕೈಕೊಟ್ಟರೆ? ಕಾರಣ ಆ ಗಂಧಕವೋ, ಎಲ್ ನಿನೋವೋ, ಬರೀ ನಮ್ಮ ನಸೀಬೋ? ಗೊತ್ತಾಗೋದಿಲ್ಲ. ಗೊತ್ತಾಗದ ಕಡೆ ಪರಿಹಾರ ಕೇಳೋಕೂ ಆಗೋದಿಲ್ಲ. ನನಗೆ ಹೆಪ್ಪುಗಟ್ಟಿದ ಜಗತ್ತಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸೋದು ಇದು.

ಈಗ ಮನೆಯ ಹುಳಕ್ಕೆ ಬರೋಣ. ದೇಶದ ಅತಿ ದೊಡ್ಡ ಸಿಂಪಡಣೆ ನಡೆದದ್ದು ಆಕಾಶದಲ್ಲಲ್ಲ, ಗೋಡೆ ಮೇಲೆ. ಯಾದಗಿರಿ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲ, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಮನೆಮನೆಗೆ ಡಿಡಿಟಿ. ವರ್ಷಕ್ಕೆ ಸುಮಾರು 7.5 ಕೋಟಿ ಇದ್ದ ಮಲೇರಿಯಾ ಪ್ರಕರಣ 1965ರ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಇಳೀತು. ಇದು ನಿಜವಾದ ಗೆಲುವು. ಎಷ್ಟು ಜೀವ ಉಳೀತು ಅನ್ನೋದನ್ನ ಮರೆತು ಡಿಡಿಟಿಯನ್ನ ಬೈಯೋದು ಸುಲಭ. ಆದರೆ ಹುಳ ಔಷಧಕ್ಕೆ ಒಗ್ಗಿಕೊಂಡಿತು, ಸಿಂಪಡಣೆ ಸಡಿಲಾಯ್ತು, 1976ರಲ್ಲಿ ಪ್ರಕರಣ 64 ಲಕ್ಷಕ್ಕೆ ಏರಿತು. ಗಂಧಕದ ತೆರೆ ಎಳೆಯೋರ ಮುಂದೆಯೂ ಇದೇ ಕಷ್ಟ ಇದೆ. ಮೇಲೆ ಬಿಟ್ಟ ಕಣ ಒಂದೆರಡು ವರ್ಷದಲ್ಲಿ ಇಳಿದುಹೋಗುತ್ತೆ, ಅದಕ್ಕೇ ಬಿಡ್ತಾನೇ ಇರಬೇಕು. ಮಧ್ಯೆ ಯುದ್ಧವೋ ದಿವಾಳಿಯೋ ಬಂದು ನಿಂತರೆ, ಅಷ್ಟು ವರ್ಷ ಮುಚ್ಚಿಟ್ಟ ಬಿಸಿ ಕೆಲವೇ ವರ್ಷದಲ್ಲಿ ಮೇಲೆ ಬೀಳುತ್ತೆ.

ಆ ಕಥೇಲಿ ನನಗೆ ಇಷ್ಟವಾದ ಪಾತ್ರ ತಿಗಣೆ. ನಮ್ಮ ಕಡೆ ತಗಣಿ ಅಂತೀವಿ. ಇಲಾಖೆ ಎಣಿಸ್ತಿದ್ದದ್ದು ಮಲೇರಿಯಾ ಪ್ರಕರಣ, ಮನೆಯವರು ನೋಡ್ತಿದ್ದದ್ದು ಹಾಸಿಗೆಯ ತಿಗಣೆ. ಮೊದಮೊದಲು ಡಿಡಿಟಿ ಹೊಡೆದರೆ ತಿಗಣೆ ಸಾಯ್ತಿತ್ತು, ಜನ ಖುಷಿಯಿಂದ ಬಾಗಿಲು ತೆಗೀತಿದ್ದರು. ತಿಗಣೆ ಸಾಯೋದು ನಿಂತ ಮೇಲೆ ದೇಶದ ಎಷ್ಟೋ ಕಡೆ ಜನ ಬೇಡ ಅಂದರು. 'ನಮ್ಮವ್ವ ಬಾಗಲದಾಗ ನಿಂತು ಒಂದ ಮಾತ ಕೇಳ್ತಿದ್ದಳು,' ಅಂತಾನೆ ಕಾಕಾ. 'ಹ್ವಾದ ಸಲ ಹೊಡದ್ರಲ್ಲ, ತಗಣಿ ಸತ್ತಾವೇನು? ಅಂತ.' ಅಧಿಕಾರಿಗಳಿಗೆ ಇದು ಹಳ್ಳಿಯವರ ಅಜ್ಞಾನ. ಮಲೇರಿಯಾ ತರೋದು ಸೊಳ್ಳೆ, ತಿಗಣೆ ಅಲ್ಲ, ಅದು ನಿಜವೇ. ಆದರೆ ಔಷಧ ಬಲ ಕಳಕೊಳ್ತಿದೆ ಅನ್ನೋ ಮೊದಲ ಸುಳಿವು ಸಿಕ್ಕಿದ್ದು ಆ ಹಾಸಿಗೆಯಲ್ಲೇ. ತನ್ನ ಮನೆಯೊಳಗೆ ಏನು ಸಿಂಪಡಿಸ್ತಿದ್ದಾರೋ ಅದಕ್ಕೆ ತಾನೇ ಪರೀಕ್ಷೆ ಇಟ್ಟು, ಫೇಲಾದರೆ ಬಾಗಿಲು ಹಾಕೋ ಅಧಿಕಾರ ಆ ಅವ್ವನಿಗಿತ್ತು. ಮೋಡಕ್ಕೆ ಬಾಗಿಲು ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ಬರಲೇಬೇಕು. 'ಏಪ್ರಿಲ್‌ನಲ್ಲಿ ರಾಯಚೂರು, ಯಾದಗಿರಿ ಕಡೆ 42 ಡಿಗ್ರಿ ದಾಟಿದಾಗ ಹೊಲದಲ್ಲಿ ಕೆಲಸ ಮಾಡೋರಿಗೆ ನಿಮ್ಮ ಸಂಶಯದಿಂದ ಏನು ಪ್ರಯೋಜನ?' ಅಂತ ಒಬ್ಬ ಗೆಳೆಯ ಕೇಳಿದ. ಎಸಿ ರೂಮಲ್ಲಿ ಕೂತು ಬೇಡ ಅನ್ನೋದು ಅಹಂಕಾರ ಅನ್ನೋದು ಅವನ ಮಾತು. ಅದರಲ್ಲಿ ಸತ್ಯ ಇದೆ. ಮಗುವಿಗೆ ಡೆಂಗೀ ಬಂದ ಮನೆಯವರಿಗೆ ಫಾಗಿಂಗ್ ಬೇಡ ಅನ್ನೋಕೆ ನನ್ನ ಬಾಯಿ ಬರೋದಿಲ್ಲ.

ಆದರೆ ಫಾಗಿಂಗ್ ಏನು ಮಾಡುತ್ತೆ ನೋಡಿ. ಹಾರೋ ಸೊಳ್ಳೆ ಸಾಯುತ್ತೆ, ಡ್ರಮ್ಮಿನೊಳಗಿನ ಮರಿ ಉಳಿಯುತ್ತೆ. ಡೆಂಗೀ ಸೊಳ್ಳೆ ಮೊಟ್ಟೆ ಇಡೋದು ನಾವು ತುಂಬಿಟ್ಟ ಒಳ್ಳೇ ನೀರಿನಲ್ಲಿ. ನಲ್ಲಿ ನಾಲ್ಕು ದಿನಕ್ಕೊಮ್ಮೆ ಬರೋ ಊರಲ್ಲಿ ಜನ ಡ್ರಮ್ಮು, ಹರವಿ, ಬ್ಯಾರೆಲ್ ಎಲ್ಲ ತುಂಬಿಡ್ತಾರೆ. ಅಂದರೆ ಬರ ಬಂದರೂ ಸೊಳ್ಳೆ ಹೆಚ್ಚಬಹುದು. ಹೊಗೆ ಗಾಡಿ ಬಂದು ಹೋದರೆ ಎಲ್ಲರಿಗೂ ಕಾಣುತ್ತೆ, ಫೋಟೋ ಬರುತ್ತೆ. ದಿನಾ ನೀರು ಬಿಟ್ಟರೆ, ಡ್ರಮ್ಮಿಗೆ ಮುಚ್ಚಳ ಹಾಕಿದರೆ ಯಾರೂ ಫೋಟೋ ತೆಗೆಯೋದಿಲ್ಲ. ಕಲ್ಲಿದ್ದಲು ಕಡಿಮೆ ಮಾಡೋದು, ಕೆರೆಯ ಹೂಳೆತ್ತೋದು ಈ ಮುಚ್ಚಳದ ಜಾತಿಯ ಕೆಲಸಗಳು. ಆಕಾಶದ ಗಂಧಕ ಹೊಗೆ ಗಾಡಿಯ ಜಾತಿ. ತುರ್ತಿಗೆ ಗಾಡಿ ಬೇಕಾಗಬಹುದು. ಗಾಡಿ ಬಂತಲ್ಲ ಅಂತ ಮುಚ್ಚಳ ಮರೆತರೆ ಗಾಡಿಯನ್ನ ಯಾವತ್ತೂ ನಿಲ್ಲಿಸೋಕಾಗೋದಿಲ್ಲ.

ಅದಕ್ಕೇ 'ಸಿಂಪಡಿಸಬೇಕಾ, ಬೇಡವಾ' ಅನ್ನೋ ವಾದದಲ್ಲಿ ನನಗೆ ಆಸಕ್ತಿ ಕಡಿಮೆ. ಸಿಂಪಡಿಸೋ ಮುಂಚೆ ಮೂರು ವಿಷಯ ಬರೆದಿಡಲಿ. ಏನನ್ನ ನೋಡಿ ಗೆದ್ದೆವು ಅಂತೀರಿ? ಏನನ್ನ ನೋಡಿ ಸೋತೆವು ಅಂತ ಒಪ್ತೀರಿ? ನಿಲ್ಲಿಸಿ ಅನ್ನೋ ಹಕ್ಕು ಕೆಳಗಿರೋ ಯಾರಿಗಿದೆ? ಸೊಲ್ಲಾಪುರದ ವಿಜ್ಞಾನಿಗಳು ಮೊದಲ ಎರಡಕ್ಕೆ ದಾರಿ ತೋರಿಸಿದ್ದಾರೆ. ಮೂರನೆಯದಕ್ಕೆ ಇನ್ನೂ ಯಾರೂ ತೋರಿಸಿಲ್ಲ. ಮುಂದಿನ ಬರದ ವರ್ಷ ಮತ್ತೆ ಟೆಂಡರ್ ಕರೀತಾರೆ, ಮತ್ತೆ ವಿಮಾನದ ಮುಂದೆ ತೆಂಗಿನಕಾಯಿ ಒಡೀತಾರೆ. ನಮ್ಮಲ್ಲಿ ಎಷ್ಟೋ ಜನ ಡೇಟಾ ಓದೋದೇ ಕಸುಬು ಮಾಡಿಕೊಂಡವರು. ಆವತ್ತು ಮೋಡದ ಫೋಟೋ ಹಂಚಿಕೊಳ್ಳೋ ಮುಂಚೆ ಬಿತ್ತದೇ ಬಿಟ್ಟ ಮೋಡಗಳ ಲೆಕ್ಕ ಎಲ್ಲಿದೆ ಅಂತ ಕೇಳಬಹುದು. ಕಾಕಾನ ಅವ್ವ ಬಾಗಿಲಲ್ಲಿ ನಿಂತು ಕೇಳ್ತಿದ್ದದ್ದೂ ಅದನ್ನೇ.