ಸಾಲ ಮನ್ನಾ, ಸಂಶಯ ಬಾಕಿ

ಸಾಲ ಮನ್ನಾದ ಅರ್ಜಿಯಲ್ಲಿ ವೈದ್ಯರಿಗೆ ಇರುವ ಮುಖ್ಯ ಪ್ರಶ್ನೆ ಒಂದೇ: ಈ ವ್ಯಕ್ತಿ ಹೇಳಿಕೊಳ್ಳುವಷ್ಟು ಗಳಿಕೆ ತರುವ ಯಾವುದಾದರೂ ಕೆಲಸ ಮಾಡಬಲ್ಲರೇ? ‘ಇಲ್ಲ’ ಎಂದಾದರೆ, ಆ ಸ್ಥಿತಿ 60 ತಿಂಗಳಿಂದ ಇರಬೇಕು, ಇಲ್ಲವೇ ಇನ್ನು 60 ತಿಂಗಳು ಇರುವಂಥದ್ದಾಗಿರಬೇಕು, ಇಲ್ಲವೇ ಸಾವಿಗೆ ದಾರಿಯಾಗುವಂಥದ್ದಾಗಿರಬೇಕು. ಹಾಗಿದ್ದರೆ ಅಮೆರಿಕದ ಫೆಡರಲ್ ಸರ್ಕಾರದಿಂದ ಓದಿಗೆಂದು ಪಡೆದ ಸಾಲ ಪೂರ್ತಿ ಮನ್ನಾ. ಅಂಗವಿಕಲ ಮಾಜಿ ಸೈನಿಕರಲ್ಲಿ ಹಲವರಿಗೂ ಸೋಷಿಯಲ್ ಸೆಕ್ಯುರಿಟಿಯ (ಅಲ್ಲಿನ ಸಾಮಾಜಿಕ ಭದ್ರತಾ ವ್ಯವಸ್ಥೆ) ಅಂಗವೈಕಲ್ಯ ಭತ್ಯೆ ಪಡೆಯುವ ಹಲವರಿಗೂ ತಮ್ಮ ಇಲಾಖೆಯ ದಾಖಲೆಯೇ ಸಾಕು.

ಯೋಜನೆಯ ಆಶಯ ದೊಡ್ಡದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮಾಜಿ ಸೈನಿಕರನ್ನು ಬಿಟ್ಟು ಉಳಿದವರ ಮೇಲೆ ಮನ್ನಾದ ನಂತರವೂ ಮೂರು ವರ್ಷ ಆದಾಯದ ಕಾವಲಿತ್ತು. ಆದಾಯದ ವಿವರ ತುಂಬಿ ಕಳಿಸದಿದ್ದರೆ ತೀರಿದ ಸಾಲ ಮತ್ತೆ ಹೆಗಲೇರುತ್ತಿತ್ತು. ಕಣ್ಣು ಮಂಜಾದವರ ಮನೆಗೆ ಸಣ್ಣಕ್ಷರದ ಕಾಗದ ಬರುತ್ತಿತ್ತು. ಪಾರ್ಶ್ವವಾಯುವಿನಿಂದ ಬಲಗೈ ಬಿದ್ದವರು ಅದನ್ನು ತುಂಬಿ ಸಹಿ ಹಾಕಬೇಕಿತ್ತು. ಆಸ್ಪತ್ರೆಯಲ್ಲಿ ಮಲಗಿದವರ ಬಾಗಿಲಲ್ಲಿ ಅದು ಒಡೆಯದ ಲಕೋಟೆಯಾಗಿಯೇ ಉಳಿಯುತ್ತಿತ್ತು. ಹೀಗೆ ಮರಳಿ ಹೇರಿದ ಸಾಲಗಳಲ್ಲಿ ಶೇ 98ರಷ್ಟಕ್ಕೆ ಕಾರಣ ಹೆಚ್ಚಿನ ಗಳಿಕೆ ಅಲ್ಲ, ಕಾಗದ ಕಳಿಸದಿದ್ದುದು ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2016ರಲ್ಲಿ ಹೇಳಿತು. ಮೋಸ ತಡೆಯಲು ಕಟ್ಟಿದ ಬೇಲಿಗೆ ಸಿಕ್ಕಿಕೊಂಡವರು ಬಹುಪಾಲು ನಿಜವಾದ ರೋಗಿಗಳೇ.

2021ರ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆ ದಾರಿ ಬದಲಿಸಿತು. ಸೋಷಿಯಲ್ ಸೆಕ್ಯುರಿಟಿಯ ಕಡತಗಳನ್ನು ತನ್ನ ಕಡತಗಳೊಂದಿಗೆ ತಾಳೆ ನೋಡಿ, ಅರ್ಜಿಯನ್ನೇ ಕೇಳದೆ, 3,23,000ಕ್ಕೂ ಹೆಚ್ಚು ಜನರ 580 ಕೋಟಿ ಡಾಲರ್ ಸಾಲ ಮನ್ನಾ ಮಾಡುವುದಾಗಿ ಘೋಷಿಸಿತು. ಸರ್ಕಾರದ ಒಂದು ಕೋಣೆಗೆ ಗೊತ್ತಿದ್ದ ಸತ್ಯವನ್ನೇ ಇನ್ನೊಂದು ಕೋಣೆ ಅಷ್ಟು ವರ್ಷ ರೋಗಿಯಿಂದ ಬರೆಸಿ ತರಿಸುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 2023ರ ಜುಲೈನಿಂದ ಆದಾಯದ ಕಾವಲು ನಿಯಮವೇ ರದ್ದಾಯಿತು. ಪರವಾನಗಿ ಇರುವ ಮನಃಶಾಸ್ತ್ರಜ್ಞರ ಸಹಿಗೂ ಬೆಲೆ ಬಂತು. ಯೋಜನೆಯ ಇತಿಹಾಸದಲ್ಲಿ ಇದು ಅತ್ಯಂತ ಮಾನವೀಯ ತಿದ್ದುಪಡಿ.

ಆದರೂ ಸಂಶಯ ಪೂರ್ತಿ ತೊಲಗಿಲ್ಲ. ಭತ್ಯೆಯ ಅಥವಾ ವೈದ್ಯರ ಪತ್ರದ ಆಧಾರದಲ್ಲಿ ಮನ್ನಾ ಪಡೆದವರು ಮೂರು ವರ್ಷದೊಳಗೆ ಹೊಸ ಫೆಡರಲ್ ಸಾಲ ಪಡೆದರೆ ಹಳೆಯದೂ ಜೀವ ಪಡೆಯುತ್ತದೆ. ಆಮೇಲಾದರೂ ಸಾಲ ಬೇಕೆಂದರೆ ‘ಇವರು ದುಡಿಯಬಲ್ಲರು’ ಎಂಬ ವೈದ್ಯರ ಪತ್ರ ಬೇಕು. ನಿನ್ನೆ ‘ಆಗದು’ ಎಂದು ಬರೆಸಿಕೊಂಡವರೇ ಇಂದು ‘ಆದೀತು’ ಎಂದು ಬರೆಸಿಕೊಳ್ಳಬೇಕು. ಒಳ್ಳೆಯ ದಿನ ನಾಲ್ಕು ತಾಸು ಕೂತು ಓದಬಲ್ಲ, ಕೆಟ್ಟ ದಿನ ಹಾಸಿಗೆಯಿಂದ ಏಳಲಾಗದ ವ್ಯಕ್ತಿಗೆ ಈ ಎರಡು ಪತ್ರಗಳ ನಡುವೆ ಜಾಗವೇ ಇಲ್ಲ.

ಓದುತ್ತಿರುವವರ ಪಾಡೂ ಅಷ್ಟೇ. 15 ವಾರಗಳ ಸೆಮಿಸ್ಟರಿನ ಆರನೇ ವಾರದ ಕೊನೆಗೆ ಕಾಯಿಲೆ ಉಲ್ಬಣಿಸಿ ಎಲ್ಲ ತರಗತಿಗಳನ್ನೂ ಬಿಟ್ಟರೆ ವಿದ್ಯಾರ್ಥಿ ‘ಗಳಿಸಿದ್ದು’ ಫೆಡರಲ್ ನೆರವಿನ ಶೇ 40 ಮಾತ್ರ. ಉಳಿದುದನ್ನು ಮರಳಿಸುವ ಲೆಕ್ಕ ಶುರುವಾಗುತ್ತದೆ. ಶೇ 60ರ ಗಡಿ ದಾಟಿದವರಿಗಷ್ಟೇ ಪೂರ್ತಿ ನೆರವು ದಕ್ಕುತ್ತದೆ. ಕಾರಣ ಕಾಯಿಲೆ ಎಂದರೂ ಸೂತ್ರ ಬದಲಾಗದು. ಇನ್ನೊಂದೆಡೆ, ಅಂಗವೈಕಲ್ಯದಿಂದಾಗಿ ಬೇಕಾಗುವ ಸಹಾಯಕರು, ಓಡಾಟ, ವಿಶೇಷ ಸಲಕರಣೆಗಳ ಖರ್ಚನ್ನು ಓದಿನ ವೆಚ್ಚಕ್ಕೆ ಸೇರಿಸಲು ಕಾನೂನು ಅವಕಾಶ ಕೊಟ್ಟಿದೆ. ಅದನ್ನು ಕಾಲೇಜಿನ ನೆರವು ಕಚೇರಿಯಲ್ಲಿ ಕೇಳಿ ಪಡೆಯಬೇಕು, ಕೇಳಲು ಸಂಕೋಚಪಡಬೇಕಾಗಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಫೆಡರಲ್ ಸಾಲವೂ ಈ ಮನ್ನಾದ ಹಕ್ಕೂ ಇವೆ. ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಎರಡೂ ಇಲ್ಲ. ನಮ್ಮ ಬ್ಯಾಂಕಿನ ಸಾಲಕ್ಕಾಗಲಿ ಅಲ್ಲಿನ ಖಾಸಗಿ ಸಾಲಕ್ಕಾಗಲಿ ಈ ನಿಯಮ ಅನ್ವಯಿಸದು. ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿ: ನಾಳೆ ನನ್ನ ದೇಹ ಕೈಕೊಟ್ಟರೆ ಈ ಸಾಲ ಯಾರ ತಲೆಯ ಮೇಲೆ? ಉತ್ತರವನ್ನು ಬರಹದಲ್ಲೇ ಪಡೆಯಿರಿ.